ಹನ್ನೊಂದರ ಬಸ್ಸು

ನಮ್ಮೂರಿಗೆ ಬಸ್ಸು ಬೇಕು ಎಂಬುದರಲ್ಲಿ ಯಾರದೂ ತಕರಾರಿರಲಿಲ್ಲ. ಎಷ್ಟು ಹೊತ್ತಿಗೆ ಬೇಕು ಎಂಬ ಮಾತು ಬಂದಾಗ ಮಾತ್ರ ಊರು ಎರಡಾಯಿತು. ಎರಡಾಯಿತು ಎಂದರೂ ಸುಳ್ಳೇ. ಒಂದು ಕಡೆ ಹಿರಿಯರೆಲ್ಲ ಇದ್ದರು, ಇನ್ನೊಂದು ಕಡೆ ನಾನೊಬ್ಬಳೇ ಇದ್ದೆ. ನನ್ನ ಬೆನ್ನಿಗೆ ನಿಲ್ಲಬೇಕಾದವರು ಆ ಹೊತ್ತಿನಲ್ಲಿ ಮುಂಡರಗಿಯ ಹೈಸ್ಕೂಲಿನಲ್ಲಿ ಕೂತು ಹಾಜರಿ ಹೇಳುತ್ತಿದ್ದರು.

ಮುಂಡರಗಿಗೂ ಶಿರಹಟ್ಟಿಗೂ ನಡುವೆ, ಕಪ್ಪತಗುಡ್ಡದ ಮಗ್ಗುಲಲ್ಲಿ, ದೊಡ್ಡ ರಸ್ತೆಯಿಂದ ಸಾಕಷ್ಟು ಒಳಗೆ ನಮ್ಮೂರಿದೆ. ಏಳನೆಯ ತರಗತಿಯವರೆಗೆ ಶಾಲೆ ಇದೆ. ಅಲ್ಲೇ ನಾನು ಕಲಿಸಿ, ಬೈದು, ಗಂಟಲು ಕೆಡಿಸಿಕೊಂಡು ನಿವೃತ್ತಳಾದೆ. ಈಗ ಮಲಗಿದ್ದಲ್ಲಿಗೇ ಪಿಂಚಣಿ ಬರುತ್ತದೆ, ಒಂದು ತಿಂಗಳೂ ತಪ್ಪಿಲ್ಲ. ನಾನು ಬಿಟ್ಟುಬಂದ ಕುರ್ಚಿಗೆ ಮಾತ್ರ ಇನ್ನೂ ಕಾಯಂ ಶಿಕ್ಷಕರು ಬಂದಿಲ್ಲ. ಒಬ್ಬ ಅತಿಥಿ ಶಿಕ್ಷಕಿ ಬರುತ್ತಾಳೆ. ಅವಳಿಗೆ ಕೊಡುವ ಗೌರವಧನದಲ್ಲಿ ಗೌರವ ಮೊದಲು ಸಿಗುತ್ತದೆ, ಧನ ಆಮೇಲೆ ಯಾವಾಗಲೋ. ಕಲಿಸದೆ ಮನೆಯಲ್ಲಿ ಕೂತವಳಿಗೆ ತಿಂಗಳು ತಿಂಗಳು, ದಿನವೂ ಕಲಿಸುವವಳಿಗೆ ಆಗೊಮ್ಮೆ ಈಗೊಮ್ಮೆ. ಸರಕಾರದ ಈ ಲೆಕ್ಕ ನನಗೆ ಅನುಕೂಲವಾಗಿಯೇ ಇರುವುದರಿಂದ ನಾನು ಬೈಯುವ ಹಾಗಿಲ್ಲ. ಬೈಯುತ್ತೇನೆ, ಅದು ಬೇರೆ ಮಾತು.

ಮೊದಲು ಮುಂಜಾನೆ ಒಂದು ಬಸ್ಸಿತ್ತು. ಕೊರೊನಾ ಬಂದಾಗ ನಿಂತದ್ದು, ಕೊರೊನಾ ಹೋದರೂ ತಿರುಗಿ ಬರಲಿಲ್ಲ. ಹೈಸ್ಕೂಲಿಗೆ ಹೋಗುವ ಮಕ್ಕಳು ದೊಡ್ಡ ರಸ್ತೆಯವರೆಗೆ ನಡೆದು ಹೋಗಿ ಅಲ್ಲಿ ಬಸ್ಸು ಹಿಡಿಯಬೇಕು. ಆ ಬಸ್ಸು ದೂರದಿಂದಲೇ ತುಂಬಿ ಬರುತ್ತಿತ್ತು. ಗಂಡುಹುಡುಗರು ಬಾಗಿಲಿಗೆ ಜೋತುಬೀಳುತ್ತಿದ್ದರು, ಇಲ್ಲವೇ ಯಾರದೋ ಬೈಕಿನ ಹಿಂದೆ ಮೂರನೆಯವರಾಗಿ ಹತ್ತುತ್ತಿದ್ದರು. ಹುಡುಗಿಯರು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದರು. ಹೀಗೆ ಕಾಯುತ್ತ ಕಾಯುತ್ತ ಒಬ್ಬೊಬ್ಬರೇ ಶಾಲೆ ಬಿಟ್ಟು, ಕೊನೆಗೆ ನಮ್ಮೂರಿಂದ ಹೈಸ್ಕೂಲಿಗೆ ಹೋಗುವ ಹುಡುಗಿ ಒಬ್ಬಳೇ ಉಳಿದಳು.

ಅವಳು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಅವ್ವ ಕೂಲಿಗೆ ಹೋಗುತ್ತಾಳೆ. ಅಜ್ಜಿಗೆ ಸರಕಾರದ ವೃದ್ಧಾಪ್ಯ ವೇತನ ಬರುತ್ತದೆ. ಅದನ್ನು ನಮ್ಮ ಕಡೆ ಪಗಾರ ಎನ್ನುತ್ತಾರೆ, ಮುದುಕರಾಗುವುದೂ ಒಂದು ನೌಕರಿ ಎಂಬಂತೆ. ಹುಡುಗಿಗೆ ಅಕ್ಷರ ಕಲಿಸಿದವಳು ನಾನು. ತರಗತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ಜೀವ ತಿನ್ನುತ್ತಿದ್ದಳು. ಅಂಥವರನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ, ಅಂಥವರ ಮೇಲೆ ಇಟ್ಟಷ್ಟು ಜೀವ ಯಾರ ಮೇಲೂ ಇಟ್ಟಿಲ್ಲ. ಆ ವರ್ಷ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು.

ಮಳೆಗಾಲದ ಒಂದು ಸಂಜೆ ಅವಳ ಅವ್ವ ನಮ್ಮ ಕಟ್ಟೆಗೆ ಬಂದು ಕೂತಳು.

"ಅಕ್ಕೋರ, ಗೋವಿನಜೋಳ ತಲಿ ಮ್ಯಾಲೆ ಬೆಳದಾವ್ರಿ. ಆ ಹಾದ್ಯಾಗ ಸಂಜಿಮುಂದ ಇಕಿ ಒಬ್ಬಾಕಿನ ನಡಕೊಂಡ ಬರೂತನಕ ನನ್ನ ಜೀವ ಕೈಯಾಗ ಇರತೈತ್ರಿ. ಊರಾಗ ಬಸ್ ಬಂದ್ರ ಕಳಸ್ತೀನಿ. ಇಲ್ಲಂದ್ರ ದಸರಾ ಸೂಟಿ ಆದ ಮ್ಯಾಲೆ ಬಿಡಸ್ತೀನ್ರಿ."

ನಾನು ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, "ಅದು ಖರೆ ಬಿಡ್ರಿ, ಆದರ ನಂದೂ ಖರೆ" ಎಂದು ಎದ್ದುಹೋದಳು. ಮರುದಿನವೇ ಕೂತು ಬಸ್ಸಿಗಾಗಿ ಮನವಿ ಬರೆದೆ. ಊರ ಹಿರಿಯರೆಲ್ಲ ಓಡಿಬಂದು ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ಅವರಲ್ಲೊಬ್ಬರು, ಪಂಚಾಯ್ತಿಯಲ್ಲಿ ಓಡಾಡಿ ಪಳಗಿದ ಅಜ್ಜ, ನನಗೆ ಬುದ್ಧಿಯನ್ನೂ ಹೇಳಿದರು.

"ಸಾಲಿ ಮಕ್ಕಳ ಸಲುವಾಗಿ ಅಂತ ದಪ್ಪಾಗಿ ಬರೀರಿ ಅಕ್ಕೋರ. ಮಕ್ಕಳ ಹೆಸರ ತಗೊಂಡ್ರ ಸಾಹೇಬರ ಮನಸು ಜಲ್ದಿ ಕರಗತೈತಿ."

ದಪ್ಪವಾಗಿಯೇ ಬರೆದೆ. ಮನಸ್ಸು ನಿಜಕ್ಕೂ ಕರಗಿತು. ದಸರೆಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ ಬಸ್ಸಿನ ಸಾಹೇಬರೊಬ್ಬರು ಊರಿಗೆ ಬಂದರು. ಸಭೆ ಇಟ್ಟದ್ದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಶಾಲೆಯ ದಿನ, ಶಾಲೆಯ ಹೊತ್ತಿಗೆ. ಮಕ್ಕಳ ಬಸ್ಸಿನ ಸಭೆಗೆ ಮಕ್ಕಳು ಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಸಾಹೇಬರು ಚಹಾ ಕುಡಿದು ಮಾತು ಶುರು ಮಾಡಿದರು.

"ನೋಡ್ರಿ, ನನ್ನ ಹತ್ತರ ಇರೂದ ಒಂದ ಗಾಡಿ. ದಿನಕ್ಕ ಒಮ್ಮೆ ಹೋಗತೈತಿ, ಒಮ್ಮೆ ಬರತೈತಿ. ಎಂಟಕ್ಕ ಹೋಗಿ ಸಂಜಿ ಐದಕ್ಕ ಬರೂದೋ, ಹನ್ನೊಂದಕ್ಕ ಹೋಗಿ ಮೂರಕ್ಕ ಬರೂದೋ, ನೀವ ಮಾತಾಡಿ ಹೇಳ್ರಿ."

ಇದರಲ್ಲಿ ಮಾತಾಡುವುದೇನಿದೆ, ಎಂಟಕ್ಕೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬುದ್ಧಿ ಹೇಳಿದ್ದ ಅಜ್ಜ ಎದ್ದು ನಿಂತರು.

"ಹನ್ನೊಂದಕ್ಕ ಆಗಲ್ರಿ ಸಾಹೇಬರ. ಎಂಟಕ್ಕ ಹೋದ್ರ ಬ್ಯಾಂಕಿನ ಬಾಗಲಾ ತೆಗಿಯೂತನಕ ಹೊರಗ ಕುಂಡ್ರಬೇಕು. ಕೆಲಸ ಆತು ಅಂದ್ರ ಮತ್ತ ಸಂಜಿತನಕ ಕುಂಡ್ರಬೇಕು. ನಮ್ಮ ವಯಸ್ಸಿನಾಗ ತಾಸಿಗೊಮ್ಮೆ ಎದ್ದ ಹೋಗೂದಿರತೈತಿ. ಅಲ್ಲೆ ಪ್ಯಾಟ್ಯಾಗ ಎಲ್ಲಿ ಹೋಗೂಣ?"

ಯಾರೂ ನಗಲಿಲ್ಲ. ನಗುವ ಮಾತೂ ಅಲ್ಲ. ನನಗೂ ಮೊಣಕಾಲಿದೆ, ಬಿ.ಪಿ. ಇದೆ, ಆ ಫಜೀತಿ ಗೊತ್ತು. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಪಗಾರ ತಿಂಗಳಿಗೊಮ್ಮೆ, ಸಾಲಿ ದಿನಾ ಇರತೈತಿ," ಎಂದೆ. "ಆ ಒಂದ ದಿನ ಎಲ್ಲಾರೂ ಕೂಡಿ ಟಂಟಂ ಗಾಡಿ ಬಾಡಿಗಿ ಮಾಡ್ಕೊಂಡ ಹೋಗ್ರಿ. ಉಳಿದ ದಿನ ಹುಡುಗ್ರಿಗೆ ಬಿಡ್ರಿ."

"ಯಾವ ದಿನ ಬೀಳತೈತಿ ಅಂತ ಯಾರಿಗೆ ಗೊತ್ತೈತ್ರಿ?" ಎಂದರು ಅಜ್ಜ. "ದಿನಾ ಹೋಗಿ ನೋಡಬೇಕಲ್ಲ."

ಈ ಮಾತಿಗೆ ಕಟ್ಟೆಯ ತುಂಬ ತಲೆಗಳು ಅಲ್ಲಾಡಿದವು. ಸರಿಯೇ. ಪಗಾರಕ್ಕೆ ಹೊತ್ತು ಗೊತ್ತಿಲ್ಲದ್ದರಿಂದ ಬಸ್ಸಿಗೆ ಹೊತ್ತು ಗೊತ್ತಿರಬೇಕು. ಒಬ್ಬರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ತರಬೇಕಿತ್ತು, ಇನ್ನೊಬ್ಬರಿಗೆ ಕಣ್ಣು ತೋರಿಸಬೇಕಿತ್ತು, ಮತ್ತೊಬ್ಬರಿಗೆ ಏನೂ ಇರಲಿಲ್ಲ, ಮುಂಡರಗಿಯ ಹೋಟೆಲಿನ ಮಿರ್ಚಿ ಭಜಿ ತಿನ್ನಬೇಕಿತ್ತು. ಅದನ್ನವರು ಮುಚ್ಚಿಡಲೂ ಇಲ್ಲ.

ಹುಡುಗಿಯ ಅಪ್ಪ ಅವ್ವ ಕೆಲಸಕ್ಕೆ ಹೋಗಿದ್ದರು. ನಾನು ಪಕ್ಕದ ಮನೆಯ ಅಜ್ಜಿಯನ್ನು ನೋಡಿದೆ. ಮೊಮ್ಮಗಳ ಪರವಾಗಿ ಇವಳೊಬ್ಬಳಾದರೂ ಎರಡು ಮಾತಾಡಲಿ ಎಂದು ಕಣ್ಣಿನಲ್ಲೇ ಕೇಳಿದೆ. ಅವಳು ಕಂಬ ಹಿಡಿದುಕೊಂಡು ಎದ್ದಳು. ಸಾಹೇಬರ ಕಡೆ ನೋಡದೆ ನನ್ನ ಕಡೆಗೇ ತಿರುಗಿದಳು.

"ಅಕ್ಕೋರ, ನಾ ಪಗಾರ ತಂದ್ರನ ಇಕಿಗೆ ನೋಟಬುಕ್ಕು, ಚಪ್ಪಲಿ. ಅದು ನಿಮಗೂ ಗೊತ್ತೈತಿ. ಸಂಜಿತನಕ ಕುಂಡ್ರಾಕ ನನ್ನ ಸೊಂಟ ಕೇಳಂಗಿಲ್ಲ. ನಾ ಹೋಗಲಿಲ್ಲಂದ್ರ ಇಕಿ ಹೆಂಗ ಓದಬೇಕ್ರಿ?"

ಮೊಮ್ಮಗಳ ಪರವಾಗಿಯೇ ಮಾತಾಡಿದಳು. ನನಗೇ ಗೊತ್ತಿಲ್ಲದೆ ನನ್ನ ತಲೆಯೂ ಅಲ್ಲಾಡಿತು. ನನ್ನ ಜನ್ಮದಲ್ಲಿ ಅದು ಅಪರೂಪ.

ಹನ್ನೊಂದಕ್ಕೆ ಯಾರು ಯಾರು ಕೈ ಎತ್ತಿ ಎಂದರು ಸಾಹೇಬರು. ಎದ್ದ ಕೈಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಕೈಗಳೂ ಇದ್ದವು. ಅವ್ವ ಅಪ್ಪನ ಪಗಾರ ಅವರಿಗೂ ಬೇಕಲ್ಲ. ನಾನು ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಒಂದು ಸಲವೂ ಏಳದಿದ್ದ ಕೈಗಳು ಅವು. ಎಂಟಕ್ಕೆ ಯಾರು ಎಂದಾಗ ನಾನು ಎತ್ತಿದೆ. ಸಾಹೇಬರು ಪಾಪ ಒಳ್ಳೆಯವರು, ನನ್ನ ಹಿಂದೆ ಇನ್ನೂ ಯಾರಾದರೂ ಇದ್ದಾರೇನೋ ಎಂದು ಬಗ್ಗಿ ನೋಡಿದರು.

ಮೊದಲ ದಿನ ಬಸ್ಸಿಗೆ ಹಾರ ಹಾಕಿ, ಕಾಯಿ ಒಡೆದು, ಪೇಡೆ ಹಂಚಿದರು. ಗುಡಿಯ ಮುಂದೆ ದೊಡ್ಡ ಬ್ಯಾನರು ಕಟ್ಟಿದ್ದರು. ಶಾಲಾ ಮಕ್ಕಳ ಬಹುದಿನದ ಬೇಡಿಕೆ ಈಡೇರಿಸಿದ್ದಕ್ಕೆ ಅಭಿನಂದನೆಗಳು ಎಂದು ಅದರಲ್ಲಿತ್ತು. ಮಾತುಗಳು ನನ್ನ ಮನವಿಯವೇ. ಹನ್ನೊಂದು ಹೊಡೆಯುತ್ತಲೇ ಶಾಲಾ ಮಕ್ಕಳ ಬೇಡಿಕೆಯೊಳಗೆ ಮುದುಕ ಮುದುಕಿಯರು ಒಬ್ಬರನ್ನೊಬ್ಬರು ದೂಡುತ್ತ ಹತ್ತಿದರು. ಹೆಂಗಸರಿಗೆ ಕಂಡಕ್ಟರ್ ಪುಕ್ಕಟೆ ಟಿಕೀಟು ಹರಿದುಕೊಟ್ಟ. ಯಾರೋ ಕಿಟಕಿಯಿಂದ, "ಬರ್ರಿ ಅಕ್ಕೋರ, ನಿಮಗೂ ಜಾಗಾ ಹಿಡದೀವಿ" ಎಂದು ಕರೆದರು. ನಾನು ಮುಖ ತಿರುಗಿಸಿ ಮನೆಗೆ ನಡೆದೆ.

ದಸರಾ ಸೂಟಿ ಮುಗಿಯಿತು. ಪಕ್ಕದ ಮನೆಯ ಹುಡುಗಿಯ ಪುಸ್ತಕದ ಚೀಲ ಗೂಟದಿಂದ ಇಳಿಯಲಿಲ್ಲ. ಮುಂಡರಗಿಯ ಹಾಸ್ಟೆಲಿಗೆ ಸೇರಿಸೋಣವೆಂದು ನಾನೇ ಹೋಗಿ ಕೇಳಿದೆ. ವರ್ಷದ ನಡುವೆ ಜಾಗ ಇಲ್ಲ ಎಂದರು. ತಿರುಗಿ ಬಂದು ಅವಳ ಅವ್ವನ ಜೊತೆ ಜಗಳ ತೆಗೆದೆ.

"ನಾ ಏನ ಅಂದಿದ್ದೆ ಅಕ್ಕೋರ? ಬಸ್ ಬಂದ್ರ ಕಳಸ್ತೀನಿ ಅಂದಿದ್ದೆ. ಹನ್ನೊಂದಕ್ಕ ಹೋದ್ರ ಒಳಗ ಕುಂಡ್ರಸ್ತಾರೇನ್ರಿ?"

ಹುಡುಗಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ನಮ್ಮ ಕಡೆ ತಿರುಗಲಿಲ್ಲ. ನಾನು ಮನೆಗೆ ಬಂದು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತೆನೋ, ಸೋತದ್ದಕ್ಕೋ, ಈಗಲೂ ಗೊತ್ತಿಲ್ಲ. ಮುಂದೆ ಕೆಲವು ದಿನ ಸಂಜೆ ಅವಳು ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಳು. ಹತ್ತಿ ಬಿಡಿಸುವ ಹಂಗಾಮು ಶುರುವಾದ ಮೇಲೆ ಅದೂ ನಿಂತಿತು.

ನನ್ನ ಬಿ.ಪಿ. ಗುಳಿಗೆ ಮುಗಿದು, ಬೇಸಿಗೆಯ ಹೊತ್ತಿಗೆ ನಾನೂ ಹನ್ನೊಂದರ ಬಸ್ಸು ಹತ್ತಿದೆ. ಅಜ್ಜಿಯ ಪಕ್ಕದಲ್ಲಿ ಹುಡುಗಿ ಕೂತಿದ್ದಳು. ಅಜ್ಜಿಗೆ ಒಬ್ಬಳೇ ಹೋಗಲು ಆಗುವುದಿಲ್ಲ, ಹುಡುಗಿ ಹೇಗೂ ಮನೆಯಲ್ಲೇ ಇದ್ದಾಳೆ ಎಂದು ದಿನವೂ ಜೊತೆಗೆ ಕಳಿಸುತ್ತಿದ್ದರಂತೆ. ಬ್ಯಾಂಕಿನಲ್ಲಿ ಅವಳದೇ ರಾಜ್ಯ. ಒಬ್ಬರ ಚೀಟಿ ತುಂಬಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಮುಂದೆ ಚಾಚುತ್ತಿದ್ದರು. ರೊಟ್ಟಿ ಬಡಿದು, ಕಳೆ ತೆಗೆದು ಸವೆದ ಹೆಬ್ಬೆಟ್ಟುಗಳನ್ನು ಮಷಿನ್ನು ಒಪ್ಪದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿಸುತ್ತಿದ್ದಳು. ಪಗಾರ ಬೀಳದವರಿಗೆ ಯಾಕೆ ಬಿದ್ದಿಲ್ಲ ಎಂದು ಒಳಗೆ ಕೇಳಿಬಂದು ಬಿಡಿಸಿ ಹೇಳುತ್ತಿದ್ದಳು. ಊರ ಹಿರಿಯರೆಲ್ಲ ಅವಳ ಹಿಂದೆ ಹಿಂದೆ ಓಡಾಡುವುದನ್ನು ನೋಡುತ್ತ ನಾನು ಬೆಂಚಿನ ಮೇಲೆ ಕೂತಿದ್ದೆ. ಹೆಮ್ಮೆಪಡಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮೂರರ ಬಸ್ಸಿನಲ್ಲಿ ತಿರುಗಿ ಬರುವಾಗ ಆ ಬುದ್ಧಿವಂತ ಅಜ್ಜ ಅವಳ ಹಿಂದಿನ ಸೀಟಿನಲ್ಲಿದ್ದರು. ಪಗಾರ ಬಿದ್ದಿತ್ತು, ಮಿರ್ಚಿಯೂ ಆಗಿತ್ತು. ಪ್ರೀತಿಯಿಂದಲೇ ಮಾತಾಡಿಸಿದರು.

"ಭಾಳ ಶ್ಯಾಣೆ ಅದಿ ನೋಡ ಯವ್ವಾ. ಸಾಲಿ ಬಿಡಬಾರದಿತ್ತು ನೀ."

"ಬಸ್ ಇದ್ದಿಲ್ಲಲ್ರೀ ಅಜ್ಜಾ," ಎಂದಳು ಹುಡುಗಿ.

"ಈಗ ಐತಲ್ಲ," ಎಂದರು ಅಜ್ಜ.

ಮುಂದಿನ ಸೀಟಿನ ಮುದುಕಿ ಪಾಸ್‌ಬುಕ್ಕು ಹಿಡಿದು ಕಾಯುತ್ತಿದ್ದಳು. ಹುಡುಗಿ ಅದನ್ನು ಇಸಿದುಕೊಂಡು ಜೋರಾಗಿ ಓದಿ ಹೇಳತೊಡಗಿದಳು.