ಲಾಲಸಾಬರ ಗ್ರೀಸು, ಕುಲ್ಸುಂಬಿಯ ಗುಳಿಗೆ

ಬಳ್ಳಾರಿಯ ಕೌಲ್ ಬಜಾರಿನ ಲಾಲಸಾಬರು ಅಕ್ಕಿ ಗಿರಣಿಗಳ ಫಿಟ್ಟರು. ಸಿರುಗುಪ್ಪದಿಂದ ಕುರುಗೋಡಿನವರೆಗೆ ಯಾವ ಗಿರಣಿಯ ಬೇರಿಂಗು ಕೆಮ್ಮಿದರೂ ಇವರಿಗೇ ಫೋನು. ಆದರೆ ಕೆಟ್ಟದ್ದನ್ನು ರಿಪೇರಿ ಮಾಡುವುದಕ್ಕಿಂತ ಕೆಡದಂತೆ ಕಾಯುವುದರಲ್ಲೇ ಅವರ ಗತ್ತು. ಪ್ರತಿ ಗಿರಣಿಯ ಗೋಡೆಗೂ ಒಂದು ರಟ್ಟು ತೂಗುಹಾಕಿ, ಗ್ರೀಸು ಹಚ್ಚಿದ ದಿನಕ್ಕೆ ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೀಟು ಎಳೆಯುತ್ತಿದ್ದರು. ಹಚ್ಚುವ ಮೊದಲೇ ಗೀಟು ಎಳೆದ ಗಿರಣಿಯಾಳಿಗೆ ಅವತ್ತು ಊಟದ ತನಕ ಬೈಗುಳ.

ಇಂಥವರೇ ಎಂಟು ವರ್ಷದಲ್ಲಿ ಮೂರು ಸಲ ಕೆಟ್ಟ ಗಿರಣಿಯಂತೆ ನಿಂತುಹೋಗಿದ್ದರು. ಮೂರನೆಯ ಸಲ, ಸುಗ್ಗಿಯ ನಡುವೆ, ಕುರುಗೋಡಿನ ಗಿರಣಿಯಲ್ಲಿ ಬೋಲ್ಟು ಬಿಗಿಯುವ ಪಾನಾ ಹಿಡಿದು ಕೂತವರು ಏಳಲೇ ಇಲ್ಲ. ಊಟ ಬೇಡ, ಮಾತು ಬೇಡ. ಐದು ತಿಂಗಳು ಗೋಡೆ ನೋಡಿದರು. ಇದು ಮರಳಿ ಮರಳಿ ಬರುವ ಖಿನ್ನತೆ, ಚೆನ್ನಾದ ಮೇಲೂ ವರ್ಷಗಟ್ಟಲೆ ಗುಳಿಗೆ ತಪ್ಪಿಸಬಾರದು ಎಂದು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು.

ಈಗ ಒಂದು ವರ್ಷದಿಂದ ಲಾಲಸಾಬರು ಗಟ್ಟಿಮುಟ್ಟು. ತಕರಾರು ಶುರುವಾದದ್ದೇ ಅದರಿಂದ.

"ಚಲೋ ಅದೀನಲ್ಲ, ಇನ್ನ ಗುಳಿಗಿ ಯಾಕ? ದಿನಕ್ಕ ಎಂಟು ರೂಪಾಯಿ ನೀರಾಗ ಹಾಕಿದಂಗ."

ಹೆಂಡತಿ ಕುಲ್ಸುಂಬಿ ರೊಟ್ಟಿ ತಟ್ಟುತ್ತಲೇ ಅಂದಳು: "ಹೋದ ಎರಡು ಸಲನೂ ಹಿಂಗ ಅಂದ್ರಿ, ಬಿಟ್ರಿ, ಬಿದ್ರಿ. ಐದು ತಿಂಗಳ ಕೂಲಿ ಹೋತು, ತಾಯಿತಕ್ಕ ಎರಡು ಆಡು ಹೋದುವು. ಆ ರೊಕ್ಕದಾಗ ಇಪ್ಪತ್ತು ವರ್ಷದ ಗುಳಿಗಿ ಬರತಿದ್ವು."

"ಅದು ಬ್ಯಾರೆ. ಈ ಗುಳಿಗಿ ಪಟ್ಟಿ ಮುಗೀತಂದ್ರ ಮುಗೀತು."

ಉಳಿದಿದ್ದದ್ದು ಅದೊಂದೇ ಪಟ್ಟಿ. ಕುಲ್ಸುಂಬಿ ಹಿತ್ತಲಿಗೆ ಹೋಗಿ ಸಿರುಗುಪ್ಪದ ಗಿರಣಿ ಮಾಲೀಕ ಹಂಪಯ್ಯನಿಗೆ ಫೋನು ಹಚ್ಚಿದಳು.

ಮರುದಿನ ಲಾಲಸಾಬರು ಗಿರಣಿಗೆ ಹೋದರೆ ಗ್ರೀಸಿನ ಡಬ್ಬಿಯೇ ಇಲ್ಲ.

"ಗ್ರೀಸ್ ಹಚ್ಚೂದು ಬಂದ್ ಮಾಡೀನಿ ಸಾಬಣ್ಣ," ಎಂದ ಹಂಪಯ್ಯ. "ಮಷಿನ್ ಚಲೋ ಓಡಾಕತ್ತೈತಿ. ಕೆಟ್ಟಾಗ ನೋಡೋಣು."

"ಹಚ್ಚಿದ್ದಕ್ಕನ ಓಡಾಕತ್ತೈತ್ರಿ ಸಾವ್ಕಾರ್ರ. ಒಂದು ಡಬ್ಬಿ ಉಳಿಸಾಕ ಹೋಗಿ ಸುಗ್ಗ್ಯಾಗ ಗಿರಣಿ ನಿಲ್ಲಿಸ್ಕೊಂತೀರೇನು? ನಿಮ್ಮಂಥ ಶ್ಯಾಣ್ಯಾರನ್ನ ನಾ ಎಲ್ಲೂ ನೋಡಿಲ್ಲ."

"ನಾ ನೋಡೀನಿ," ಎಂದು ಹಂಪಯ್ಯ ಕಿಸೆಯಿಂದ ಫೋನು ತೆಗೆದು ಮುಂದೆ ಹಿಡಿದ.

"ಎಲ್ಲಾ ಕೇಳಿಸ್ತು ರೀ," ಅಂದಿತು ಕುಲ್ಸುಂಬಿಯ ದನಿ.

ಲಾಲಸಾಬರು ಆ ದಿನ ಯಂತ್ರಗಳ ಜೊತೆಗಷ್ಟೇ ಮಾತಾಡಿದರು.

ಸಂಜೆ ಮನೆಗೆ ಬಂದರೆ ಅಡುಗೆಮನೆಯ ಗೋಡೆಗೆ ಹೊಸ ರಟ್ಟು, ದಾರದ ಸಮೇತ. ವಾರದ ಏಳೂ ದಿನಕ್ಕೆ ಮುಂಚಿತವಾಗಿಯೇ ಏಳು ಗೀಟು. ಲಾಲಸಾಬರ ಹುಬ್ಬು ಗಂಟಾಯಿತು. ಹೆಬ್ಬೆರಳಿಗೆ ಉಗುಳು ಹಚ್ಚಿ ಏಳನ್ನೂ ತಿಕ್ಕಿ ಅಳಿಸಿದರು. ಗುಳಿಗೆ ನುಂಗಿ, ನೀರು ಕುಡಿದು, ಕಿವಿಯ ಮೇಲಿನ ಪೆನ್ಸಿಲಿನಿಂದ ಒಂದೇ ಗೀಟು ಎಳೆದರು.

"ನುಂಗೂಕಿಂತ ಮೊದಲ ಗೀಟು ಎಳೀತಾರೇನು? ಇಷ್ಟು ವರ್ಷ ಬಾಳೇವು ಮಾಡಿ ಇದೂ ಕಲೀಲಿಲ್ಲ ನೀನು."

"ತಪ್ಪಾತ್ರಿ ಮೇಸ್ತ್ರಿ," ಎಂದು ಕುಲ್ಸುಂಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಗಬ್ಯಾಡ. ನಾಳೆ ಡಾಕ್ಟರಮ್ಮನ ಕಡೆ ಹೋಗಿ ಗುಳಿಗಿ ಚೀಟಿ ಬರಸ್ಕೊಂಡು ಬರೋಣು. ಗ್ರೀಸ್ ಡಬ್ಬಿ ಖಾಲಿ ಆಗೂತನಕ ಕಾಯಾಂವ ಫಿಟ್ಟರೇ ಅಲ್ಲ."