ದ್ಯಾಮಮ್ಮ ಸಹಿಸದ ಮಾತು
ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ದ್ಯಾಮಮ್ಮನ ಪರಿಚಯವಿಲ್ಲದ ಕಂಡಕ್ಟರ್ ಇಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಂದಿನಿಂದ ಅವಳು ಮನೆಯಲ್ಲಿ ಕೂತದ್ದೇ ಅಪರೂಪ. ಇವತ್ತು ಸೊರಬವಾದರೆ ನಾಳೆ ಕುಬಟೂರು. ಕೇಳುವ ಮೊದಲೇ ಆಧಾರ್ ಕಾರ್ಡನ್ನು ಕಂಡಕ್ಟರನ ಮೂಗಿಗೆ ಹಿಡಿಯುತ್ತಾಳೆ, ಕಿಟಕಿಯ ಸೀಟಿಗಾಗಿ ಯಾರೊಂದಿಗಾದರೂ ಜಗಳಕ್ಕೆ ನಿಲ್ಲುತ್ತಾಳೆ, ಆಮೇಲೆ ರೊಟ್ಟಿಯ ಗಂಟು ಬಿಚ್ಚಿದಾಗ ಜಗಳವಾಡಿದವರಿಗೇ ಮೊದಲ ತುಂಡು ಕೊಡುತ್ತಾಳೆ. ಆದರೆ ಅವಳ ಮುಂದೆ ‘ತಿರುಗಾಟ’ ಎಂಬ ಮಾತೊಂದನ್ನು ಎತ್ತಬಾರದು. ಮೊನ್ನೆ ನಿಲ್ದಾಣದಲ್ಲಿ ಸಿಕ್ಕ ಮೈದುನ ಧರ್ಮಪ್ಪ ಎತ್ತಿಬಿಟ್ಟ. “ಏನತ್ತಿಗೆ, ಈ ವಯಸ್ಸಿನಾಗೂ ತಿರುಗಾಟ ಬಿಡಂಗಿಲ್ವಾ?” ದ್ಯಾಮಮ್ಮ ಹತ್ತಿದ ಬಸ್ಸಿನಿಂದ ಇಳಿದೇ ಬಂದಳು. “ನಿಮ್ಮಣ್ಣ ಮಕ್ಕಳನ್ನ ನನ್ನ ಮಡಿಲಿಗೆ ಹಾಕಿ ಮಠ ಮಠ ಸುತ್ತಾಕೆ ಹೋದಾಗ ದೇಶಸಂಚಾರ ಅಂದ್ರಿ. ವರ್ಷಗಟ್ಟಲೆ ಬಿಟ್ಟು ವಾಪಸ್ ಬಂದಾಗ ಕಾಲಿಗೆ ಬಿದ್ರಿ. ಹೆಂಗಸು ಬಸ್ ಹತ್ತಿದ್ರೆ ಮಾತ್ರ ತಿರುಗಾಟನಾ?” ಧರ್ಮಪ್ಪ ತಡವರಿಸಿದ. “ಅಲ್ಲತ್ತಿಗೆ, ಆ ಊರುಗಳಾಗೆ ನಿಂಗೇನು ಕೆಲ್ಸ ಅಂತ ಕೇಳ್ದೆ ಅಷ್ಟೇ.” “ಏನೂ ಕೆಲ್ಸ ಇಲ್ಲ. ಅದಕ್ಕೇ ಹೋಗ್ತೀನಿ!” ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಸಿಟ್ಟಿನಲ್ಲೇ ಮುಂದಿನ ಬಸ್ಸು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಬಂದಳಿಕೆಯ ಹಳೆಯ ಗುಡಿಯೆದುರು ಕೂತಳು. ಆ ಜಾಗ ಅವಳಿಗೆ ಹೊಸದಲ್ಲ. ಗಂಡನಿಲ್ಲದ ಆ ವರ್ಷಗಳಲ್ಲಿ ಕುರಿ ಹೊಡೆದುಕೊಂಡು ಅದರ ಮಗ್ಗುಲಲ್ಲೇ ಎಷ್ಟೋ ಸಲ ಹಾದುಹೋಗಿದ್ದಳು. ಆದರೆ ಕುರಿಗಳು ಎಲ್ಲಿ ಯಾರದೋ ಹೊಲಕ್ಕೆ ನುಗ್ಗುತ್ತವೋ ಎಂಬ ಭಯದಲ್ಲಿ, ಆ ಗೋಡೆಗಳ ಮೇಲೆ ಏನು ಕೆತ್ತಿದ್ದಾರೆಂದು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.