ಮೂಗಿನ ತುದಿಯ ಗುಳ್ಳೆ

ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್‌ನ ಒಂದು ಶಾಪಿಂಗ್ ಸೆಂಟರಿನಲ್ಲಿ ಆಪ್ಟೋಮೆಟ್ರಿಸ್ಟ್ ಆಗಿದ್ದೆ. ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವುದು, ಕಾಯಿಲೆ ಕಂಡರೆ ಕಣ್ಣಿನ ಡಾಕ್ಟರ ಬಳಿಗೆ ಕಳಿಸುವುದು ನನ್ನ ಕೆಲಸ. ಧಾರವಾಡದಲ್ಲಿರುವ ನನ್ನ ಅಕ್ಕ ಇದನ್ನು ‘ಚಷ್ಮಾದ ಅಂಗಡಿ’ ಎಂದೇ ಕರೆಯುತ್ತಾಳೆ. ಸಿಡ್ನಿಯಲ್ಲಿ ವರ್ಷಗಟ್ಟಲೆ ಓದಿ, ಅಲ್ಲೇ ದುಡಿದು ಬಂದ ನನಗೆ ಆ ಮಾತು ಚುಚ್ಚುತ್ತದೆ. ಆದರೆ ನನ್ನ ಬಳಿ ಬರುವ ಹೆಚ್ಚಿನವರೂ ಹಾಗೇ ತಿಳಿದು ಬರುತ್ತಾರೆ.

ಸದಾನಂದ ಅವರೂ ಒಂದು ಶನಿವಾರ ಮಧ್ಯಾಹ್ನ ಹಾಗೇ ಬಂದರು. ಉಡುಪಿ ಕಡೆಯವರು, ಐವತ್ತರ ಆಸುಪಾಸು, ಟೌನ್ ಬಸ್ ಡ್ರೈವರ್. ಊರಲ್ಲಿದ್ದಾಗ ಉಡುಪಿ–ಕಾರ್ಕಳ ದಾರಿಯಲ್ಲಿ ಖಾಸಗಿ ಬಸ್ ಓಡಿಸುತ್ತಿದ್ದರಂತೆ. ಹೆಂಡತಿ ವಾರಿಜಾ ಅಕೌಂಟೆಂಟ್. ಮನೆಯವರಿಗೆ ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ವೀಸಾ, ಸಿಕ್ಕಿದ್ದು ಆಕೆಯ ಓದು, ಕೆಲಸಕ್ಕೆ ಬಂದ ಪಾಯಿಂಟುಗಳಿಂದ. ಇಲ್ಲಿಗೆ ಬಂದ ಮೇಲೆ ಸದಾನಂದ ಒಂದಷ್ಟು ದಿನ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಕಡೆಗೆ ಮತ್ತೆ ಸ್ಟೀರಿಂಗ್ ಹಿಡಿದಿದ್ದರು. ಬಸ್ಸಿನ ಮಾತು ಬಂದರೆ ಆ ಮನುಷ್ಯ ನೆಟ್ಟಗೆ ಕೂರುತ್ತಿದ್ದರು.

ತಲೆಗೆ ಕ್ಯಾಪು, ಕಣ್ಣಿಗೆ ಕಪ್ಪು ಕನ್ನಡಕ. “ಬಲಗಣ್ಣು ಸ್ವಲ್ಪ ಮಂಜು ಮೇಡಂ. ಲೈಸೆನ್ಸಿನ ಮೆಡಿಕಲ್ ಹತ್ತಿರ ಬಂತು. ನಂಬರ್ ಚೇಂಜ್ ಮಾಡಿ ಕೊಡಿ, ಸಾಕು” ಎಂದರು.

ಕ್ಯಾಪು ತೆಗೆಸಿದೆ. ಹಣೆಯ ಬಲ ಅರ್ಧಕ್ಕೆ, ಕೂದಲಿನಿಂದ ಹುಬ್ಬಿನವರೆಗೆ, ಕೆಂಪು ಮಣ್ಣಿನ ಲೇಪ. ಅದರಡಿ ಒಣಗುತ್ತಿರುವ ಗುಳ್ಳೆಗಳು. ಎಡ ಅರ್ಧದಲ್ಲಿ ಒಂದು ಚುಕ್ಕೆಯೂ ಇಲ್ಲ. ನಾನು ನೋಡಿದ್ದು ಹಣೆಯನ್ನಲ್ಲ, ಮೂಗಿನ ತುದಿಯನ್ನು. ಅಲ್ಲೊಂದು ಸಣ್ಣ ಗುಳ್ಳೆ ಹಕ್ಕಳೆಗಟ್ಟಿತ್ತು.

“ಎಷ್ಟ್ ದಿನಾ ಆತ್ರೀ ಇದು?”

“ಒಂಬತ್ತು ದಿನ ಆಯ್ತು. ಸರ್ಪಸುತ್ತು ಮೇಡಂ. ಈಗ ಬೇನೆ ಇಲ್ಲವೇ ಇಲ್ಲ. ಗುಣ ಆಗ್ತಾ ಉಂಟು.”

ಸರ್ಪಸುತ್ತನ್ನು ಇಲ್ಲಿ ಶಿಂಗಲ್ಸ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅಮ್ಮ, ಸೀತಾಳೆ ಸಿಡುಬು ಎಂದೆಲ್ಲ ಕರೆಯುವ ಚಿಕನ್‌ಪಾಕ್ಸ್ ಬಂದು ಹೋದ ಮೇಲೆ ಅದರ ವೈರಸ್ ನರದಲ್ಲೇ ಅಡಗಿ ಕೂತಿರುತ್ತದೆ. ವಯಸ್ಸಾದಾಗಲೋ ಮೈ ಸೋತಾಗಲೋ ಆ ಒಂದು ನರದ ದಾರಿ ಹಿಡಿದು ಹೊರಗೆ ಬರುತ್ತದೆ. ಆದ್ದರಿಂದಲೇ ಮೈಯ ಒಂದೇ ಬದಿಗೆ ಉರಿ, ಆಮೇಲೆ ಪಟ್ಟಿಯಂತೆ ಗುಳ್ಳೆ. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿನೊಳಕ್ಕೂ ಹೋಗುತ್ತದೆ. ಅಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಬಂದಿರಬಹುದು ಎಂದು ಅರ್ಥ. ವೈರಸ್‌ಗೆ ಮಾತ್ರೆ ಇದೆ. ಗುಳ್ಳೆ ಕಂಡ ಮೂರು ದಿನದೊಳಗೆ ಶುರು ಮಾಡಿದರೆ ಅದರ ಪ್ರಯೋಜನ ಹೆಚ್ಚು.

ಬಲಗಣ್ಣನ್ನು ಪರೀಕ್ಷಿಸಿದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪೊರೆ, ಮಸುಕಾಗಿತ್ತು. ಒಳಗೆ ಉರಿಯೂತ. ಹತ್ತಿಯ ಒಂದು ಎಳೆಯನ್ನು ಹೊಸೆದು ಮೊದಲು ಎಡಗಣ್ಣಿಗೆ ಮುಟ್ಟಿಸಿದೆ. ರೆಪ್ಪೆ ಪಟ್ಟನೆ ಮುಚ್ಚಿತು. ಬಲಗಣ್ಣಿಗೆ ಮುಟ್ಟಿಸಿದೆ. ಅವರು ಸುಮ್ಮನೆ ನನ್ನನ್ನೇ ನೋಡುತ್ತ ಕೂತಿದ್ದರು. ಬೇನೆ ಇಲ್ಲ ಎಂದು ಅವರು ಸಮಾಧಾನಪಟ್ಟಿದ್ದು ಇದಕ್ಕೇ. ಕಣ್ಣು ಗುಣವಾಗಿರಲಿಲ್ಲ, ಮರಗಟ್ಟಿತ್ತು. ಮರಗಟ್ಟಿದ ಕಣ್ಣಿಗೆ ಧೂಳು ಬಿದ್ದರೂ ತಿಳಿಯದು, ಹುಣ್ಣಾದರೂ ತಿಳಿಯದು.

“ಯಾರಿಗೂ ತೋರಿಸಿಲ್ಲೇನ್ರೀ?”

ಉತ್ತರ ಕೊಟ್ಟವರು ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಾರಿಜಾ. “ಸರ್ಪಸುತ್ತಿಗೆ ಇಂಗ್ಲಿಷ್ ಮದ್ದು ತಗೊಂಡ್ರೆ ಒಳಗೆ ಹೋಗ್ತದೆ ಅಂತಾರಲ್ವಾ ಮೇಡಂ. ನಮ್ಮದು ನಾಗಬನ ಇರುವ ಮನೆ. ಕೊರೊನಾ ಶುರುವಾದಾಗಿನಿಂದ ಊರಿಗೆ ಹೋಗ್ಲಿಕ್ಕೇ ಆಗ್ಲಿಲ್ಲ, ತಂಬಿಲ ಬಾಕಿ. ಊರಲ್ಲಿ ಇವರ ದೊಡ್ಡಮ್ಮನಿಗೆ ಫೋನ್ ಮಾಡಿದ್ವಿ. ಭಟ್ರ ಹತ್ರ ಆಶ್ಲೇಷಾ ಬಲಿ ಮಾಡಿಸುವ, ಅಲ್ಲಿವರೆಗೆ ಕೆಮ್ಮಣ್ಣು ಹಚ್ಚಿ, ಬೇರೆ ಮದ್ದು ಬೇಡ ಅಂದ್ರು. ಪೂಜೆ ಬರುವ ಬುಧವಾರ. ವಿಡಿಯೋದಲ್ಲಿ ನೋಡಿ, ಮರುದಿವಸ ಜಿಪಿ ಹತ್ರ ಹೋಗುವ ಅಂತ ಇದ್ವಿ.”

ತಂಬಿಲ ಎಂದರೆ ನಾಗನಿಗೆ ಪ್ರತಿವರ್ಷ ಸಲ್ಲಿಸುವ ಸೇವೆ. ಆಶ್ಲೇಷಾ ಬಲಿಯೂ ನಾಗನಿಗೇ. ಆಶ್ಲೇಷಾ ನಕ್ಷತ್ರದ ದಿನಕ್ಕೆ ಕಾಯುತ್ತಿದ್ದರು. ಜ್ವರ, ಕೆಮ್ಮು, ಕಾಲು ಉಳುಕಿಗೆಲ್ಲ ಕೂಡಲೇ ಜಿಪಿಯನ್ನು, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರನ್ನು, ಬುಕ್ ಮಾಡುವ ದಂಪತಿ, ಇದೊಂದನ್ನು ಕಾಯಿಲೆ ಎಂದುಕೊಂಡಿರಲೇ ಇಲ್ಲ. ಇದು ದೇವರ ಮುನಿಸು. ಮುನಿಸು ಇಳಿಯುವ ಮೊದಲು ಮಾತ್ರೆ ನುಂಗುವುದು ಅವರಿಗೆ ಅವಿಧೇಯತೆಯಾಗಿ ಕಂಡಿತ್ತು.

“ಈ ಕೆಮ್ಮಣ್ಣ ಎಲ್ಲಿಂದ ಬಂತು? ಏರ್‌ಪೋರ್ಟಿನ್ಯಾಗ ಮಣ್ಣ ಬಿಡಂಗಿಲ್ಲಲ್ಲ?”

ವಾರಿಜಾ ತಲೆ ತಗ್ಗಿಸಿದರು. “ಇಲ್ಲಿ ಕೆಮಿಸ್ಟಿನಲ್ಲಿ ಸಿಗ್ತದೆ. ಫೇಸ್‌ಪ್ಯಾಕಿನ ರೆಡ್ ಕ್ಲೇ.”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ನಾಗನ ಕೋಪಕ್ಕೆ ಬ್ಯೂಟಿ ಪಾರ್ಲರಿನ ಮಣ್ಣು! ಆದರೆ ಆ ಡಬ್ಬಿ ಹಿಡಿದು ಅವರು ದುಡ್ಡು ಕೊಟ್ಟ ಕೌಂಟರಿನ ಹಿಂದೆಯೇ ಫಾರ್ಮಸಿಸ್ಟ್ ನಿಂತಿರುತ್ತಾಳೆ. ‘ಹಣೆಗೆ ಗುಳ್ಳೆ ಎದ್ದಿದೆ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳೇ ಡಾಕ್ಟರ ಬಳಿಗೆ ಓಡಿಸುತ್ತಿದ್ದಳು. ಅದನ್ನು ನೆನೆದರೆ ಇಂದಿಗೂ ಕೈ ಹಿಸುಕಿಕೊಳ್ಳುವಂತಾಗುತ್ತದೆ.

ನಗರದ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದೆ. ಕೂಡಲೇ ಕಳಿಸಿ ಎಂದರು.

“ನಾಳೆ ಶಿಫ್ಟ್ ಉಂಟಲ್ಲ ಮೇಡಂ. ಸೋಮವಾರ ಹೋದ್ರೆ ಆಗುದಿಲ್ವಾ?” ಸದಾನಂದ ಕೇಳಿದರು.

“ಆಗಂಗಿಲ್ಲ. ಈಗ ಹೋಗ್ರಿ. ಕಾರಿನ ಕೀ ಇಲ್ಲಿ ಇಡ್ರಿ.”

ನನ್ನ ದನಿ ಏರಿತ್ತು. ಅವರು ಕೀ ತೆಗೆದು ಮೇಜಿನ ಮೇಲಿಟ್ಟರು. ಟ್ಯಾಕ್ಸಿ ತರಿಸಿ ಇಬ್ಬರನ್ನೂ ಕಳಿಸಿದೆ.

ಆಸ್ಪತ್ರೆಯವರು ಮಾತ್ರೆ, ಹನಿ, ಮುಲಾಮು ಎಲ್ಲ ಕೊಟ್ಟರು. ಉರಿಯೂತ ಇಳಿಯಿತು. ಆದರೆ ಮರಗಟ್ಟಿದ ಕಾರ್ನಿಯಾದ ಮೇಲೆ ಹುಣ್ಣಾಗಿ, ಅದು ಮಾಯುವಾಗ ನಟ್ಟನಡುವೆ ಬಿಳಿ ಕಲೆ ಉಳಿಯಿತು. ಮೊದಲ ದಿನವೇ ಬಂದಿದ್ದರೆ ಕಣ್ಣು ಪೂರ್ತಿ ಉಳಿಯುತ್ತಿತ್ತು ಎಂದು ನಾನು ಆಣೆ ಮಾಡಲಾರೆ. ಉಳಿಯುವ ಅವಕಾಶವಂತೂ ಬಹಳ ಹೆಚ್ಚಿತ್ತು. ಬಸ್ ಓಡಿಸುವವರಿಗೆ ದೃಷ್ಟಿಯ ನಿಯಮ ಕಾರಿನವರಿಗಿಂತ ಬಿಗಿ. ಮೆಡಿಕಲ್‌ನಲ್ಲಿ ಅವರು ಪಾಸಾಗಲಿಲ್ಲ. ಕಂಪನಿ ಒಳ್ಳೆಯದು, ಕೈಬಿಡಲಿಲ್ಲ. ಈಗ ಡಿಪೋದ ಆಫೀಸಿನಲ್ಲಿ ಕೂತು ಬೇರೆ ಡ್ರೈವರುಗಳಿಗೆ ಶಿಫ್ಟ್ ಹಂಚುತ್ತಾರೆ.

ಕೆಲವು ತಿಂಗಳ ನಂತರ ವಾರಿಜಾ ಒಬ್ಬರೇ ಬಂದರು. ಕುರ್ಚಿ ಎಳೆದು ಕೂತರು. ಆಮೇಲೆ ಹೇಳಿದರು: “ಪೂಜೆ ಮಾಡಿದ ಭಟ್ರಿಗೆ ಮೊನ್ನೆ ಫೋನ್ ಮಾಡಿ ಎಲ್ಲ ಹೇಳಿದೆ ಮೇಡಂ. ಅವರು ನನಗೇ ಬೈದ್ರು. ‘ಮದ್ದು ಬೇಡ ಅಂತ ನಾನು ಹೇಳಿದ್ದಾ? ನಾಗದೇವರು ಹೇಳಿದ್ದಾ? ಹೋದ ವರ್ಷ ನನಗೇ ಸರ್ಪಸುತ್ತು ಆಗಿತ್ತು ಮಾರಾಯ್ತಿ. ಡಾಕ್ಟ್ರ ಹತ್ರ ಹೋಗಿ ಮಾತ್ರೆ ತಗೊಂಡೇ ಬಲಿಗೆ ಕೂತದ್ದು ನಾನು’ ಅಂದ್ರು. ದೊಡ್ಡಮ್ಮ ಹೇಳಿದ್ದನ್ನು ಭಟ್ರ ಮಾತು ಅಂತ ನಾವೇ ತಿಳ್ಕೊಂಡದ್ದು.” ಅಷ್ಟು ಹೇಳಿ ಅವರು ಅತ್ತರು. ನನ್ನ ಕಣ್ಣೂ ತುಂಬಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ಸಿದ್ಧನಿದ್ದ. ಕೇಳಿದವರೇ ಇರಲಿಲ್ಲ.

ಮುಖದ ಒಂದೇ ಬದಿಗೆ ಉರಿ, ಗುಳ್ಳೆ ಕಂಡರೆ ಅಂದೇ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಕಣ್ಣು ಕೆಂಪಾದರೆ, ಮಂಜಾದರೆ, ಬೆಳಕು ಚುಚ್ಚಿದರೆ, ಮೂಗಿನ ತುದಿಗೆ ಗುಳ್ಳೆ ಬಂದರೆ ಒಂದು ಗಂಟೆಯನ್ನೂ ಕಳೆಯಬೇಡಿ. ಹರಕೆ ಹೊರುವವರು ಹೊರಲಿ, ನನ್ನ ತಕರಾರಿಲ್ಲ, ನಾನೂ ಹೊರುವವಳೇ. ನೋವು ನಿಂತರೆ ಗುಣವಾಯಿತೆಂದು ಮಾತ್ರ ನಂಬಬೇಡಿ. ಯಾರಾದರೂ “ಡಾಕ್ಟರ್ ಕಡೆ ಹೋಗೂದು ಬ್ಯಾಡ ಅಂದಾರ” ಎಂದರೆ ನಾನೀಗ ತಪ್ಪದೆ ಕೇಳುತ್ತೇನೆ: “ಯಾರು ಅಂದಾರ್ರೀ? ಅವರನ್ನ ಕೇಳೀರೇನು?”

ಸದಾನಂದ ಈಗಲೂ ವರ್ಷಕ್ಕೊಮ್ಮೆ ಬರುತ್ತಾರೆ. ಎಡಗಣ್ಣಿನಲ್ಲಿ ಗೋಡೆಯ ಮೇಲಿನ ಅಕ್ಷರಗಳ ಚಾರ್ಟನ್ನು ಕಟ್ಟಕಡೆಯ ಸಾಲಿನವರೆಗೂ ಬಸ್ ಓಡಿಸಿದಷ್ಟೇ ವೇಗವಾಗಿ ಓದುತ್ತಾರೆ. ಆಮೇಲೆ ನಾನು ಆ ಕಣ್ಣನ್ನು ಮುಚ್ಚುತ್ತೇನೆ. ಅವರು ಗೋಡೆಯ ಕಡೆಗೆ ಮುಖ ಮಾಡಿ, ಪ್ರತಿ ವರ್ಷವೂ ಸ್ವಲ್ಪ ಹೊತ್ತು ಪ್ರಯತ್ನಿಸುತ್ತಾರೆ.

“ಬೆಳಕು ಉಂಟು ಮೇಡಂ. ಅಕ್ಷರ ಇಲ್ಲ.”